ಎಳೆಯ ಬೋರ್ಡೋ ಕೊಳ್ಳುವ ಮುನ್ನ: ಒಗರು ನೋಡಿ ಆರಿಸುವ ಬಗೆ

ಫ್ರಾನ್ಸಿನ ಬೋರ್ಡೋ ಸೀಮೆಯ ಎಳೆಯ ಕೆಂಪು ವೈನನ್ನು ಮೊದಲ ಸಲ ಕುಡಿದವರು ಮುಖ ಕಿವುಚಿದರೆ ಆಶ್ಚರ್ಯವಿಲ್ಲ. ನಾಲಿಗೆ ಒಣಗುತ್ತದೆ, ಒಸಡು ಬಿಗಿಯುತ್ತದೆ, ಕೆನ್ನೆಯ ಒಳಬದಿ ಹಲ್ಲಿಗೆ ಅಂಟಿಕೊಂಡಂತಾಗುತ್ತದೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ, ಸ್ವಲ್ಪ ಮಟ್ಟಿಗೆ ಓಕ್ ಮರದ ಪೀಪಾಯಿಯಿಂದ ಇಳಿದು ಬರುವ ಟ್ಯಾನಿನ್ ಇದಕ್ಕೆ ಕಾರಣ. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಾಗಿಲ್ಲ. ಇದು ಒಗರು. ನೇರಳೆ ತಿಂದು ನಾಲಿಗೆ ನೀಲಿ ಮಾಡಿಕೊಂಡವರಿಗೆ, ಗೇರುಹಣ್ಣಿನ ರಸ ಗಂಟಲು ಹಿಡಿದ ಅನುಭವವಿರುವವರಿಗೆ, ನೆಲ್ಲಿಕಾಯಿ ಕಚ್ಚಿ ಅದರ ಮೇಲೆ ನೀರು ಕುಡಿದವರಿಗೆ ಒಗರಿನಲ್ಲಿ ಎಷ್ಟು ಬಗೆ ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಬೋರ್ಡೋ ಆರಿಸುವಾಗ ನಾನು ನೆಚ್ಚುವುದು ಈ ತಿಳಿವಳಿಕೆಯನ್ನೇ.

ಎಳೆಯ ವೈನಿನಲ್ಲಿ ಹಣ್ಣಿನ ಪರಿಮಳ ಯಾರನ್ನೂ ಮರುಳುಮಾಡುತ್ತದೆ. ಆ ಪರಿಮಳ ಮೊದಲ ಕೆಲವು ವರ್ಷಗಳಲ್ಲೇ ಬದಲಾಗುತ್ತದೆ. ಹತ್ತು ವರ್ಷ ಕಳೆದ ಮೇಲೂ ವೈನನ್ನು ಹಿಡಿದು ನಿಲ್ಲಿಸುವುದು ಒಗರು ಮತ್ತು ಹುಳಿ. ಹಣ ಕೊಡುವ ಮುನ್ನ ತೂಗಿ ನೋಡಬೇಕಾದದ್ದು ಅವುಗಳನ್ನು.

ಹಣ್ಣಿನ ಒಗರು, ಕಸುಗಾಯಿಯ ಒಗರು

ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಉಗಿದು ಅಥವಾ ನುಂಗಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ವೈನ್ ರುಚಿ ನೋಡುವ ಜಾಗದಲ್ಲಿ ಉಗಿಯುವುದು ಅಸಭ್ಯವಲ್ಲ, ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ಎಣಿಕೆ ಮುಗಿಯುವಷ್ಟರಲ್ಲಿ ಬಾಯಲ್ಲಿ ನೀರೂರಿ ಒಗರು ಕರಗತೊಡಗಿದರೆ ಅದು ಮಾಗಿದ ದ್ರಾಕ್ಷಿಯ ಒಗರು. ನೆಲ್ಲಿಕಾಯಿ ತಿಂದ ಮೇಲೆ ನೀರು ಸಿಹಿಯೆನಿಸುವ ಹಾಗೆ ಅದರ ಹಿಂದೆಯೇ ಒಂದು ತಂಪು, ಒಂದು ಸಿಹಿ ಬರುತ್ತದೆ. ಬಾಯಿ ಒಣಗಿಯೇ ಉಳಿದು ನಾಲಿಗೆಯ ಹಿಂಭಾಗದಲ್ಲಿ ಕಹಿ ಕೂತರೆ ಅದು ಕಸುಗಾಯಿಯ ಒಗರು. ಇಂಥದ್ದನ್ನು ಎಷ್ಟು ವರ್ಷ ನೆಲಮಾಳಿಗೆಯಲ್ಲಿಟ್ಟರೂ ಅದು ಹಣ್ಣಾಗುವುದಿಲ್ಲ. ಹಣ್ಣಿನ ರುಚಿ ಮೊದಲು ಸಾಯುತ್ತದೆ, ಕಹಿ ಉಳಿಯುತ್ತದೆ.

ಒಗರು ಎಲ್ಲಿ ತಾಗುತ್ತದೆ ಎಂಬುದೂ ಮುಖ್ಯ. ದ್ರಾಕ್ಷಿಯ ಒಗರು ಸಾಮಾನ್ಯವಾಗಿ ನಾಲಿಗೆಯ ಮೇಲೆಲ್ಲ ಸಮನಾಗಿ ಹರಡುತ್ತದೆ ಎಂಬುದು ನನ್ನ ಅನುಭವ. ಹೊಸ ಓಕ್ ಪೀಪಾಯಿಯ ಒಗರು ಒಸಡು, ಹಲ್ಲಿನ ಬಳಿ ಒಣಗಾಗಿ ನಿಲ್ಲುತ್ತದೆ, ಜೊತೆಗೆ ವೆನಿಲ್ಲಾ, ಲವಂಗ, ಹುರಿದ ಕಾಫಿಯ ವಾಸನೆ ಬರುತ್ತದೆ. ಎಳೆಯ ವೈನಿನಲ್ಲಿ ಈ ವಾಸನೆ ಇದ್ದೇ ಇರುತ್ತದೆ, ಅದು ದೋಷವಲ್ಲ. ಹಣ್ಣನ್ನು ಮುಚ್ಚಿಹಾಕುವಷ್ಟಿದ್ದರೆ ಮಾತ್ರ ಬಾಟಲಿ ಕೆಳಗಿಡಿ.

ಇನ್ನೆರಡು ವಾಸನೆಗಳಿಗೆ ಮೂಗು ತೆರೆದಿರಲಿ. ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಬಂದರೆ ಕ್ಯಾಬರ್ನೆ ದ್ರಾಕ್ಷಿ ಪೂರ್ತಿ ಮಾಗಿಲ್ಲ ಎಂದರ್ಥ. ತೆಳುವಾಗಿ ಸುಳಿದರೆ ಚೆಂದ, ಗಾಢವಾಗಿದ್ದರೆ ಕಷ್ಟ. ಒಣದ್ರಾಕ್ಷಿ, ಉತ್ತುತ್ತೆಯ ವಾಸನೆ ಬಂದರೆ ಬಿಸಿಲು ಮೀರಿದೆ. ಚೆನ್ನಾಗಿ ಮಾಗಿದ ಕ್ಯಾಬರ್ನೆಯನ್ನು ಫ್ರಾನ್ಸಿನವರು ಬ್ಲ್ಯಾಕ್ ಕರಂಟ್ ಹಣ್ಣಿಗೆ ಹೋಲಿಸುತ್ತಾರೆ. ನನಗೆ ಅದರಲ್ಲಿ ಕಪ್ಪಾಗಿ ಮಾಗಿದ ಕವಳಿಹಣ್ಣು ನೆನಪಾಗುತ್ತದೆ.

ರುಚಿ ನೋಡುವಾಗ ಚೀಸ್ ತಿನ್ನಬೇಡಿ. ಕಪ್ಪು ಚಹಾದ ಒಗರು ಹಾಲು ಬಿದ್ದೊಡನೆ ಮೆತ್ತಗಾಗುತ್ತದೆಯಲ್ಲ, ಹಾಲಿನ ಪ್ರೊಟೀನು ಟ್ಯಾನಿನ್ನನ್ನು ಕಟ್ಟಿಹಾಕುವುದರಿಂದ ಹಾಗಾಗುತ್ತದೆ. ಚೀಸ್ ಮಾಡುವುದೂ ಅದನ್ನೇ. ಊಟಕ್ಕೆ ಅದು ಒಳ್ಳೆಯ ಜೋಡಿ, ಆದರೆ ಕೊಳ್ಳುವ ಹೊತ್ತಿನಲ್ಲಿ ನಿಮಗೆ ಒಗರಿನ ನಿಜ ತಿಳಿಯಬೇಕು. ಬರಿಯ ಬ್ರೆಡ್ಡು, ನೀರು ಸಾಕು. ವೈನ್ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ. ಬೆಂಗಳೂರಿನ ಏಪ್ರಿಲ್‌ನ ಕೋಣೆಯಲ್ಲಿ ಇಟ್ಟ ಬಾಟಲಿಯಿಂದ ಮದ್ಯಸಾರದ ಘಾಟು ಮಾತ್ರ ಮೇಲೇಳುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆಯಿರಿ.

ಮಳೆಯ ವರ್ಷಕ್ಕೆ ಜಲ್ಲಿ, ಬರದ ವರ್ಷಕ್ಕೆ ಜೇಡಿ

ಒಂದೇ ಬೆಲೆಯ 2021, 2022, 2023ರ ಬಾಟಲಿಗಳು ಎದುರಿಗಿದ್ದರೆ ಯಾವುದನ್ನು ಎತ್ತಿಕೊಳ್ಳಬೇಕು? ವರ್ಷಕ್ಕೆ ಅಂಕ ಕೊಡುವ ಪಟ್ಟಿಗಳು ಬೇಕಾದಷ್ಟಿವೆ. ಬೇಸಾಯ ಬಲ್ಲ ಮನೆಯಿಂದ ಬಂದವರಿಗೆ ಅದಕ್ಕಿಂತ ನಂಬಿಕೆಯ ದಾರಿ ಒಂದಿದೆ: ಆ ವರ್ಷ ಮಳೆ ಹೇಗಿತ್ತು, ಆ ಹೊಲದ ನೆಲ ಎಂಥದ್ದು ಎಂದು ಕೇಳುವುದು.

ಗಾರೋನ್ ಮತ್ತು ದೊರ್ದೋನ್ಯ ನದಿಗಳು ಕೂಡಿ ಝಿರೋಂದ್ ಅಳಿವೆಯಾಗಿ ಅಟ್ಲಾಂಟಿಕ್ ಸೇರುತ್ತವೆ. ಎಡದಂಡೆಯ ಮೆಡಾಕ್ ಮತ್ತು ಗ್ರಾವ್ ಸೀಮೆಯ ಹೆಸರಾಂತ ತೋಟಗಳು ನದಿ ತಂದು ಸುರಿದ ಜಲ್ಲಿಕಲ್ಲಿನ ದಿಬ್ಬಗಳ ಮೇಲಿವೆ. ನೀರು ನಿಲ್ಲದ, ಬೇಗ ಕಾಯುವ ಈ ನೆಲದಲ್ಲಿ ತಡವಾಗಿ ಮಾಗುವ ಕ್ಯಾಬರ್ನೆ ಸೋವಿನ್ಯೋ ಬೆಳೆಯುತ್ತದೆ. ಬಲದಂಡೆಯ ಸಾಂತ್ ಎಮಿಲಿಯೋದಲ್ಲಿ ಸುಣ್ಣಕಲ್ಲು, ಪೊಮೆರೋಲ್‌ನಲ್ಲಿ ಜೇಡಿಮಣ್ಣು ಪ್ರಧಾನ. ತಂಪಾದ, ನೀರು ಹಿಡಿಯುವ ಆ ನೆಲಕ್ಕೆ ಬೇಗ ಮಾಗುವ ಮೆರ್ಲೊ ದ್ರಾಕ್ಷಿ ಒಗ್ಗುತ್ತದೆ, ಜೊತೆಗೆ ಕ್ಯಾಬರ್ನೆ ಫ್ರಾ ಎಂಬ ತಳಿ. ಮಳೆ ಹೆಚ್ಚಿದ ವರ್ಷ ನೀರು ಬಸಿಯುವ ಜಲ್ಲಿ ಕಾಪಾಡುತ್ತದೆ. ಬರ ಬಂದ ವರ್ಷ ಜೇಡಿಯೂ ಸುಣ್ಣಕಲ್ಲೂ ಬೇರಿಗೆ ನೀರು ಕೊಡುತ್ತವೆ. ನೂರಕ್ಕೆ ನೂರು ಸಲ ಹೊಂದುವ ಲೆಕ್ಕವಲ್ಲ ಇದು, ಆದರೂ ಅಂಕಪಟ್ಟಿಗಿಂತ ಹೆಚ್ಚು ಸಲ ನನ್ನ ಕೈ ಹಿಡಿದಿದೆ.

2022 ಬರದ ವರ್ಷ. ಬೇಸಿಗೆಯಲ್ಲಿ ಒಂದರ ಹಿಂದೆ ಒಂದು ಬಿಸಿಗಾಳಿ ಬೀಸಿತು. ಜುಲೈನಲ್ಲಿ ಝಿರೋಂದ್ ಜಿಲ್ಲೆಯ ಲಾ ತೆಸ್ತ್ ದ ಬ್ಯೂಷ್ ಮತ್ತು ಲಾಂದಿರಾಸ್ ಕಡೆಯ ಪೈನ್ ಕಾಡುಗಳು ಹೊತ್ತಿ 20,000 ಹೆಕ್ಟೇರಿಗೂ ಹೆಚ್ಚು ಸುಟ್ಟುಹೋಯಿತು. ದ್ರಾಕ್ಷಿ ಚಿಕ್ಕದಾಗಿ, ಸಿಪ್ಪೆ ದಪ್ಪವಾಗಿ ಬಂತು, ಮದ್ಯಸಾರ ಅನೇಕ ಕಡೆ 14 ಶೇಕಡಾ ದಾಟಿತು. ಇಷ್ಟೆಲ್ಲ ಆದರೂ ಒಳ್ಳೆಯ ತೋಟಗಳ ವೈನಿನಲ್ಲಿ ತಂಪು ಉಳಿದಿದೆ, ಒಗರು ಹೇರಳವಾಗಿದ್ದರೂ ಮಾಗಿದೆ. ಇದು ಇಟ್ಟು ಕುಡಿಯುವ ವರ್ಷ. ಜೇಡಿಯ ಪಾಲು ಹೆಚ್ಚಿರುವ ಸಾಂತ್ ಎಸ್ತೆಫ್, ಸುಣ್ಣಕಲ್ಲಿನ ಸಾಂತ್ ಎಮಿಲಿಯೋ, ಅದರ ಪಕ್ಕದ ಕಾಸ್ತಿಯೋ ಮತ್ತು ಫ್ರೋನ್ಸಾಕ್ ಕಡೆ ನೋಡಿ. ಬೇರು ಆಳಕ್ಕೆ ಇಳಿಯದ ಎಳೆಯ ಬಳ್ಳಿಗಳು ಬರಿ ಜಲ್ಲಿಯಲ್ಲಿದ್ದ ಕಡೆ ಉತ್ತುತ್ತೆಯ ವಾಸನೆ ಬಂದೀತು.

2021 ಇದಕ್ಕೆ ಪೂರ್ತಿ ವಿರುದ್ಧ. ಏಪ್ರಿಲ್‌ನ ಹಿಮ ಚಿಗುರನ್ನು ಸುಟ್ಟಿತು, ಆಮೇಲೆ ತೇವ ಹಿಡಿದು ಬೂಜುರೋಗ ಬಂತು, ಬೇಸಿಗೆ ತಣ್ಣಗಿತ್ತು. ರಸದಲ್ಲಿ ಸಕ್ಕರೆ ಸಾಲದೆ ಅನೇಕರು ಹುದುಗಿಸುವಾಗ ಸಕ್ಕರೆ ಸೇರಿಸಬೇಕಾಯಿತು. ಫ್ರಾನ್ಸಿನ ಕಾನೂನು ಅದಕ್ಕೆ ಮಿತಿಯೊಳಗೆ ಒಪ್ಪಿಗೆ ಕೊಡುತ್ತದೆ. ಅಕ್ಟೋಬರ್‌ವರೆಗೆ ಕಾದು ಕ್ಯಾಬರ್ನೆ ಕೊಯ್ದ ಎಡದಂಡೆಯ ವೈನ್ ಮನೆಗಳು ಗೆದ್ದವು. ವೈನ್ ಹಗುರ, ಮದ್ಯಸಾರ 12.5ರಿಂದ 13ರ ಸುತ್ತ, ಹುಳಿ ಚುರುಕು. ವಿಮರ್ಶಕರು ಇದನ್ನು ಹೊಗಳಲಿಲ್ಲ. ನನಗಂತೂ ಊಟದ ಜೊತೆ ಇದು 2022ಕ್ಕಿಂತ ಹೆಚ್ಚು ಹಿಡಿಸುತ್ತದೆ. ಸಾಂ ಝೂಲಿಯಾ, ಪೋಯಾಕ್, ಪೆಸಾಕ್ ಲೆಯೋನ್ಯಾ ಊರುಗಳ ಬಾಟಲಿ ಸಿಕ್ಕರೆ ಕೊಂಡು ಕುಡಿಯಿರಿ, ಇಡಬೇಡಿ.

2023 ಎಚ್ಚರದಿಂದ ಆರಿಸಬೇಕಾದ ವರ್ಷ. ಜೂನ್‌ನ ಸೆಕೆ, ತೇವಕ್ಕೆ ಬೂಜುರೋಗ ಬಂದು ಮೆರ್ಲೊ ನಲುಗಿತು. ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನ ಬಿಸಿಲು ತಡವಾಗಿ ಮಾಗುವ ಕ್ಯಾಬರ್ನೆಗೆ ವರವಾಯಿತು. ಒಂದೇ ಊರಿನಲ್ಲಿ ಪಕ್ಕಪಕ್ಕದ ಎರಡು ತೋಟಗಳ ನಡುವೆ ಇಷ್ಟೊಂದು ಅಂತರವೇ ಎನಿಸುತ್ತದೆ. ರುಚಿ ನೋಡದೆ ಈ ವರ್ಷದ್ದನ್ನು ಕೊಳ್ಳಬೇಡಿ. ನೋಡಿ ಕೊಂಡರೆ ಬೆಲೆಗೆ ಮೀರಿದ ವೈನ್ ಸಿಗುತ್ತದೆ. 2024ರಲ್ಲಿ ಮಳೆ ಬಿಡಲೇ ಇಲ್ಲ. ಫಸಲು 1991ರ ನಂತರ ಅಲ್ಲಿಯವರೆಗಿನ ಅತಿ ಕಡಿಮೆ, ವೈನ್ 2021ರ ಹಾಗೆ ಹಗುರ.

ಚೇಣಿ ಹಾಕುವುದೋ, ಬಾಟಲಿ ಕೊಳ್ಳುವುದೋ

ಮಲೆನಾಡಿನಲ್ಲಿ ಅಡಿಕೆ ಮರದಲ್ಲಿರುವಾಗಲೇ ಫಸಲನ್ನು ಚೇಣಿಗೆ ಕೊಡುತ್ತಾರೆ. ಬೋರ್ಡೋದಲ್ಲಿಯೂ ಅಂಥದ್ದೊಂದು ಪದ್ಧತಿಯಿದೆ, ಹೆಸರು ಆನ್ ಪ್ರಿಮರ್. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೊಯ್ದ ದ್ರಾಕ್ಷಿಯ ವೈನ್ ಇನ್ನೂ ಪೀಪಾಯಿಯಲ್ಲಿರುವಾಗ, ಮರುವರ್ಷದ ಏಪ್ರಿಲ್‌ನಲ್ಲಿ ವ್ಯಾಪಾರಿಗಳೂ ವಿಮರ್ಶಕರೂ ಬಂದು ರುಚಿ ನೋಡುತ್ತಾರೆ. ನಂತರದ ವಾರಗಳಲ್ಲಿ ಒಂದೊಂದೇ ಮನೆ ಬೆಲೆ ಹೇಳುತ್ತದೆ. ಶಾತೋ, ಅಂದರೆ ತೋಟದ ಮನೆ, ನೇರವಾಗಿ ಮಾರುವುದು ಅಪರೂಪ. ನಡುವೆ ದಲ್ಲಾಳಿ, ಸಗಟು ವ್ಯಾಪಾರಿ, ಆಮೇಲೆ ನಿಮ್ಮ ಅಂಗಡಿ. ಹಣ ಇಂದು ಕೊಟ್ಟರೆ ಬಾಟಲಿ ಕೈಸೇರುವುದು ಸುಮಾರು ಎರಡು ವರ್ಷದ ಮೇಲೆ.

ಚೇಣಿ ಹಾಕುವವನು ಮುಂದೆ ಬೆಲೆ ಏರುತ್ತದೆ ಎಂದು ಲೆಕ್ಕ ಹಾಕುತ್ತಾನೆ. 2019ರ ವೈನಿಗೆ ಆ ಲೆಕ್ಕ ಸರಿಹೋಯಿತು, ಏಕೆಂದರೆ 2020ರ ಕೊರೊನಾ ಕಾಲದಲ್ಲಿ ಮನೆಗಳು ಬೆಲೆ ಇಳಿಸಿಯೇ ಮಾರುಕಟ್ಟೆಗೆ ಬಂದಿದ್ದವು. 2022ಕ್ಕೆ ಬೆಲೆ ಏರಿಸಿದರು. ಮುಂಗಡ ಕೊಟ್ಟವರಲ್ಲಿ ಅನೇಕರು ಅದೇ ವೈನ್ ಆಮೇಲೆ ಅದೇ ಬೆಲೆಗೋ ಅದಕ್ಕಿಂತ ಕಡಿಮೆಗೋ ಅಂಗಡಿಯಲ್ಲಿ ಕಂಡರು. ಮರುವರ್ಷ ಲಾಫೀತ್, ಮೂಟೋನ್‌ನಂಥ ಹೆಸರಾಂತ ಮನೆಗಳೇ 2023ರ ಬೆಲೆಯನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಸಬೇಕಾಯಿತು. ಶಾತೋ ಲಾತೂರ್ ಅಂತೂ 2012ರ ಫಸಲಿನಿಂದ ಈ ಪದ್ಧತಿಯಿಂದಲೇ ಹೊರನಡೆದು, ಕುಡಿಯಲು ಹದವಾಯಿತು ಎನಿಸಿದ ವೈನನ್ನು ಮಾತ್ರ ಮಾರುತ್ತಿದೆ.

ಪೀಪಾಯಿಯಿಂದ ತೆಗೆದ ಮಾದರಿಯ ಮೇಲೆ ನನಗೆ ಅಷ್ಟು ಭರವಸೆ ಇಲ್ಲದಿರುವುದಕ್ಕೆ ಬೇರೆ ಕಾರಣವೂ ಇದೆ. ಆರು ತಿಂಗಳ ವೈನ್ ಇನ್ನೂ ಕೂಡಿಕೊಂಡಿರುವುದಿಲ್ಲ. ಮಾದರಿ ಬಾಟಲಿ ತೆರೆದ ಕೆಲವೇ ಗಂಟೆಗಳಲ್ಲಿ ಬಾಡುತ್ತದೆ. ಕೊನೆಯ ಮಿಶ್ರಣ ಇದೇ ಆಗಿರುತ್ತದೆ ಎಂಬ ಖಾತ್ರಿಯಿಲ್ಲ. ದಿನಕ್ಕೆ ಐವತ್ತು, ಅರವತ್ತು ಮಾದರಿ ನೋಡುವ ನುರಿತವರ ಬಾಯಿಯೂ ಮಧ್ಯಾಹ್ನದ ಹೊತ್ತಿಗೆ ದಣಿಯುತ್ತದೆ, ಒಗರು ಒಂದರ ಮೇಲೊಂದು ಕೂಡುತ್ತಾ ಹೋಗುವುದರಿಂದ. ಹಾಗಾಗಿ ಮುಂಗಡ ಕೊಡುವುದಿದ್ದರೆ ಎರಡೇ ಸಂದರ್ಭ: ಆಮೇಲೆ ಸಿಗುವುದೇ ಕಷ್ಟವಾದ ಪೊಮೆರೋಲ್‌ನ ಪುಟ್ಟ ತೋಟದ್ದು ಬೇಕಾದಾಗ, ಅಥವಾ ಮಗು ಹುಟ್ಟಿದ ವರ್ಷದ್ದೆಂದು ಒಂದೂವರೆ ಲೀಟರಿನ ದೊಡ್ಡ ಬಾಟಲಿ ತುಂಬಿಸಿಕೊಳ್ಳಬೇಕಾದಾಗ. ಉಳಿದವರು ಬಾಟಲಿಯಾಗುವವರೆಗೆ ಕಾಯಬಹುದು.

ಬಾಟಲಿ ಕೊಳ್ಳುವುದಾದರೆ ಒಂದನ್ನು ಕೊಂಡು ಮೂರು ದಿನ ಕುಡಿಯಿರಿ. ಮೊದಲ ರಾತ್ರಿ ಒಂದು ಲೋಟ, ಬಿರಟೆ ಹಾಕಿ ಫ್ರಿಜ್‌ನಲ್ಲಿಡಿ. ಎರಡನೆಯ ರಾತ್ರಿ ಇನ್ನೊಂದು, ಹಾಗೆಯೇ ಮೂರನೆಯದು. ಪ್ರತಿ ಸಲ ತೆಗೆದಿಟ್ಟು ತಣಿವು ಬಿಡಲಿ. ಗಾಳಿ ತಾಗಿದ ವೈನ್ ಮುಂದಿನ ವರ್ಷಗಳ ಒಂದು ಸುಳುಹು ಕೊಡುತ್ತದೆ. ಎರಡನೆಯ ರಾತ್ರಿ ಒಗರು ಮೆತ್ತಗಾಗಿ ಹಣ್ಣು ಇನ್ನಷ್ಟು ಅರಳಿದರೆ ಅಂಗಡಿಗೆ ಹೋಗಿ ಅರ್ಧ ಡಜನ್ ತನ್ನಿ. ಹಣ್ಣು ಹೋಗಿ ಮರ ಮತ್ತು ಕಹಿ ಮಾತ್ರ ಉಳಿದರೆ ಒಂದು ಬಾಟಲಿಯ ಬೆಲೆಯಲ್ಲಿ ಬಚಾವಾದಿರಿ. 2023ರಂಥ ಏರುಪೇರಿನ ವರ್ಷಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನಾನು ಕಂಡಿಲ್ಲ.

ದೊಡ್ಡ ಹೆಸರೋ, ಸಣ್ಣ ತೋಟವೋ

1855ರಲ್ಲಿ ಪ್ಯಾರಿಸ್ಸಿನ ಮಹಾ ಪ್ರದರ್ಶನಕ್ಕೆಂದು ಬೋರ್ಡೋದ ದಲ್ಲಾಳಿಗಳು ಅಂದಿನ ಮಾರಾಟದ ಬೆಲೆ ನೋಡಿ ವೈನ್ ಮನೆಗಳನ್ನು ಐದು ದರ್ಜೆಗಳಾಗಿ ಪಟ್ಟಿ ಮಾಡಿದರು. ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು ಮೂಟೋನ್ ರಾತ್‌ಶಿಲ್ಡ್ ಒಂದೇ, ಅದೂ 1973ರಲ್ಲಿ. ಸಾಂತ್ ಎಮಿಲಿಯೋದ ಪಟ್ಟಿ 1955ರದ್ದು, ಆಗಾಗ ಪರಿಷ್ಕರಣೆ ಆಗುತ್ತದೆ. 2022ರ ಪರಿಷ್ಕರಣೆಗೆ ಮುನ್ನ ಓಸೋನ್, ಶೆವಾಲ್ ಬ್ಲಾಂ, ಆಂಜೆಲುಸ್ ಮನೆಗಳು ಪಟ್ಟಿಯಿಂದ ಹೊರಬಂದವು, ಫಿಝಾಕ್ ಮೇಲಿನ ದರ್ಜೆಗೆ ಏರಿತು. ಪೊಮೆರೋಲ್‌ಗೆ ಪಟ್ಟಿಯೇ ಇಲ್ಲ, ಆದರೂ ಹೆಸರಾಂತ ಪೆತ್ರೂಸ್ ವೈನ್ ಅಲ್ಲಿನದೇ.

ಸಾಮಾನ್ಯ ಕೊಳ್ಳುಗನಿಗೆ ಈ ದರ್ಜೆಗಳಿಂದ ಆಗುವ ಉಪಯೋಗ ವರ್ಷವನ್ನು ಅವಲಂಬಿಸಿದೆ. 2022ರಂಥ ವರ್ಷ ಬಿಸಿಲು ಎಲ್ಲರ ಮೇಲೂ ಬಿದ್ದಿದೆ, ಸಣ್ಣ ತೋಟದ ದ್ರಾಕ್ಷಿಯೂ ಮಾಗಿದೆ. ಆಗ ದೊಡ್ಡ ಹೆಸರಿಗೆ ಹಣ ಸುರಿಯುವುದಕ್ಕಿಂತ ಪಟ್ಟಿಯ ಕೆಳಗೆ ಇಳಿಯಿರಿ. ಮೆಡಾಕ್‌ನ ಕ್ರೂ ಬೂರ್ಝ್ವಾ ಎಂಬ ಗುರುತಿರುವವು, ಮೂಲಿಸ್ ಊರಿನ ಪೂಝೋ ಅಥವಾ ಶಾಸ್ ಸ್ಪ್ಲೀನ್, ಸಾಂತ್ ಎಸ್ತೆಫ್‌ನ ಮೇನೇ, ಕಾಸ್ತಿಯೋದ ಎಗ್ವೀಲ್: ಇಂಥವುಗಳಿಗೆ ನಾನು ಸಂತೋಷದಿಂದ ಹಣ ಕೊಡುತ್ತೇನೆ. 2021, 2024ರಂಥ ವರ್ಷದಲ್ಲಿ ಇದು ತಿರುಗುಮುರುಗಾಗುತ್ತದೆ. ಕೆಟ್ಟ ಗೊಂಚಲನ್ನು ಕಾಳುಕಾಳಾಗಿ ಆರಿಸಿ ಎಸೆಯಲು ಆಳು ಬೇಕು, ಅರ್ಧ ಫಸಲನ್ನು ತಮ್ಮ ಮುಖ್ಯ ವೈನಿಗೆ ಸೇರಿಸದೆ ಬಿಡುವ ಧೈರ್ಯ ಬೇಕು, ಅದಕ್ಕೆ ಹಣ ಬೇಕು. ಅದು ದೊಡ್ಡ ಮನೆಗಳಿಗೆ ಸಾಧ್ಯ. ಅಂಥ ವರ್ಷ ಒಂದು ಮೆಟ್ಟಿಲು ಮೇಲೆ ಹತ್ತಿ ಕಡಿಮೆ ಬಾಟಲಿ ಕೊಳ್ಳಿ.

ಮುಖ್ಯ ವೈನಿಗೆ ಸೇರದ ಪೀಪಾಯಿಗಳಿಂದ ಅದೇ ಮನೆ ಎರಡನೆಯ ವೈನ್ ಮಾಡುತ್ತದೆ. ಎಳೆಯದರಲ್ಲೇ ಕುಡಿಯುವುದಾದರೆ ಇದು ಬಹಳ ಒಳ್ಳೆಯ ಆಯ್ಕೆ, ಒಗರು ಮೆತ್ತಗಿರುತ್ತದೆ. ಆದರೆ ಲಾಫೀತ್‌ನ ಕರುವಾದ್, ಲಾತೂರ್‌ನ ಫೋರ್ ದ ಲಾತೂರ್ ಮುಂತಾದವುಗಳಲ್ಲಿ ಹೆಸರಿಗೇ ದೊಡ್ಡ ಬೆಲೆ ತೆರಬೇಕು. ಅಷ್ಟೇ ಹಣಕ್ಕೆ ಬೇರೊಂದು ಒಳ್ಳೆಯ ಮನೆಯ ಮುಖ್ಯ ವೈನ್ ಬರುತ್ತದೆ. ಸಾಂತ್ ಎಸ್ತೆಫ್‌ನ ಕೋಸ್ ದೆಸ್ತೂರ್ನೆಲ್‌ನ ಎರಡನೆಯ ವೈನ್ ಪಗೋಡ್ ದ ಕೋಸ್. ಆ ಮನೆಯ ಮೇಲೆ ನಿಜವಾಗಿಯೂ ಪಗೋಡ ಗೋಪುರಗಳಿವೆ, ಅಂಗಳದಲ್ಲಿ ಆನೆಗಳ ಶಿಲ್ಪವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಯಜಮಾನ ಲೂಯಿ ಗಾಸ್ಪಾರ್ ದೆಸ್ತೂರ್ನೆಲ್ ಭಾರತಕ್ಕೆ ಹಡಗಿನಲ್ಲಿ ವೈನ್ ಕಳಿಸುತ್ತಿದ್ದ. ನಮ್ಮ ನಂದಿಬೆಟ್ಟದ ಬುಡಕ್ಕೆ ಬೋರ್ಡೋದ ಕೈ ತಾಗಿದ್ದು 1990ರ ದಶಕದಲ್ಲಿ, ಪೊಮೆರೋಲ್ ಮೂಲದ ವೈನ್ ತಜ್ಞ ಮಿಶೆಲ್ ರೋಲಾ ಅಲ್ಲಿನ ಗ್ರೋವರ್ ದ್ರಾಕ್ಷಿತೋಟಕ್ಕೆ ಸಲಹೆಗಾರರಾಗಿ ಬಂದಾಗ.

ಸಸ್ಯಾಹಾರಿಗಳಿಗೆ ಒಂದು ಮಾತು. ಒಗರನ್ನು ಹದಕ್ಕೆ ತರಲು, ವೈನ್ ತಿಳಿಗೊಳಿಸಲು ಬೋರ್ಡೋದಲ್ಲಿ ಮೊಟ್ಟೆಯ ಬಿಳಿ ಬಳಸುವುದು ಹಳೆಯ ರೂಢಿ, 225 ಲೀಟರಿನ ಪೀಪಾಯಿಗೆ ಐದಾರು ಮೊಟ್ಟೆ. ಅದು ಗಸಿಯ ಜೊತೆ ಕೆಳಗೆ ಇಳಿದುಬಿಡುತ್ತದೆ. ಅದೂ ಬೇಡವೆನ್ನುವವರು ಬಟಾಣಿ ಪ್ರೊಟೀನು ಬಳಸುವ ಅಥವಾ ಏನನ್ನೂ ಬಳಸದ ಮನೆಗಳನ್ನು ಕೇಳಿ ಕೊಳ್ಳಬಹುದು. ಊಟಕ್ಕೆ ಬಂದರೆ, ಎಳೆಯ ಒಗರಿಗೆ ಕೊಬ್ಬು, ಪ್ರೊಟೀನು ಬೇಕು, ಖಾರ ಕೂಡದು. ಒಣಮೆಣಸಿನ ಖಾರದ ಮೇಲೆ 2022ರ ವೈನ್ ಉರಿ ಎಬ್ಬಿಸುತ್ತದೆ. ಕಾಳುಮೆಣಸು ಹಾಕಿ ಹುರಿದ ಮಟನ್, ಬೆಣ್ಣೆಯಲ್ಲಿ ಬಾಡಿಸಿದ ಅಣಬೆ ಇದಕ್ಕೆ ಹೊಂದುತ್ತವೆ.

ಊರಿಗೆ ತರುವವರಿಗೆ

ಯುರೋಪಿನಲ್ಲಿ ಇರುವವರಿಗೆ ಮೇಲಿನದಷ್ಟೇ ಸಾಕು. ಕರ್ನಾಟಕಕ್ಕೆ ತರುವವರ ಲೆಕ್ಕ ಬೇರೆ. ಸುಂಕವಿಲ್ಲದೆ ಪ್ರಯಾಣಿಕರೊಬ್ಬರು ತರಬಹುದಾದ ಮದ್ಯ ಎರಡು ಲೀಟರ್. ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ, ಜೊತೆಗೆ 375ರ ಒಂದು ಅರ್ಧ ಬಾಟಲಿ. ನಾನು ಎರಡು ದೊಡ್ಡ ಬಾಟಲಿಗಳಲ್ಲಿ ಒಂದು 2022, ಒಂದು 2021 ಇಟ್ಟುಕೊಂಡು, ಅರ್ಧ ಬಾಟಲಿಗೆ ಬಲದಂಡೆಯ ಮೆರ್ಲೊ ಆರಿಸುತ್ತೇನೆ. ಅರ್ಧ ಬಾಟಲಿಯಲ್ಲಿ ವೈನ್ ಬೇಗ ಹದಕ್ಕೆ ಬರುತ್ತದೆ.

ಊರಿನಲ್ಲೇ ಕೊಳ್ಳುವುದಾದರೆ ಬಾಟಲಿಯ ತಲೆಯನ್ನು ಬೆರಳಿನಿಂದ ಸವರಿ ನೋಡಿ. ಒಮ್ಮೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಇದನ್ನು ಮರೆತು ಒಳ್ಳೆಯ ಹೆಸರಿನ, ದುಬಾರಿ ಬಾಟಲಿ ತಂದೆ. ಬಿರಟೆ ಕೂದಲೆಳೆಯಷ್ಟು ಮೇಲೆದ್ದಿತ್ತು. ವೈನ್ ಎಲ್ಲೋ ಬಿಸಿಲಲ್ಲಿ ಬೆಂದಿತ್ತು, ಬೇಯಿಸಿದ ದ್ರಾಕ್ಷಿಯ ವಾಸನೆ ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಬಿರಟೆ ಉಬ್ಬಿರುವ, ಮೇಣದ ಅಥವಾ ತಗಡಿನ ಹೊದಿಕೆಯ ಅಂಚಿನಲ್ಲಿ ಜಿನುಗಿದ ಕಲೆ ಇರುವ ಬಾಟಲಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಹತ್ತು ವರ್ಷ ಇಡುವ ಆಸೆಯಿದ್ದರೆ 12ರಿಂದ 14 ಡಿಗ್ರಿಯಲ್ಲಿ ಏರಿಳಿತವಿಲ್ಲದೆ ಇಡುವ ವ್ಯವಸ್ಥೆ ಬೇಕು. ಅದಿಲ್ಲದ ಮನೆಯ ಬೀರುವಿಗೆ 2022 ಬೇಡ, 2021 ತನ್ನಿ. ವಿಮಾನದಲ್ಲಿ ಬಂದ ಬಾಟಲಿಯನ್ನು ಅಂದೇ ತೆರೆಯದೆ ಎರಡು ವಾರ ಕತ್ತಲಲ್ಲಿ ಮಲಗಿಸಿಡಿ, ತೆರೆಯುವ ದಿನ ಊಟಕ್ಕೆ ಎರಡು ಗಂಟೆ ಮುಂಚೆ ಅಗಲ ಬಾಯಿಯ ಗಾಜಿನ ಹೂಜಿಗೆ ಸುರಿಯಿರಿ.